ಹಟ್ಟಿಯ ಮೂಲೆಯಲ್ಲಿ ಸಾಣೆ

ದನ ಕೊಟ್ಟ ಮೇಲೆ ನಮ್ಮ ಹಟ್ಟಿ ಎರಡು ಮಳೆಗಾಲ ಖಾಲಿ ಬಿದ್ದಿತ್ತು. ಹರಿದ ಗೋಣಿ, ತುಂಡಾದ ದೋಟಿ, ಮೂಲೆಯಲ್ಲೊಂದು ಹೆಗ್ಗಣ, ಇಷ್ಟೇ ಅಲ್ಲಿನ ಸಂಸಾರ. ಶಾಲೆಯ ಕೆಲಸ ಮುಗಿಸಿ ಮನೆಯಲ್ಲಿ ಕೂತವನು ಅದನ್ನೇ ಗುಡಿಸಿ, ನೆಲಕ್ಕೆ ಕಾಂಕ್ರೀಟು ಹಾಕಿಸಿ, ಮರಗೆಲಸದ ಕೋಣೆ ಮಾಡಿಕೊಂಡೆ. ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಒಳಗೆ ಗುಡ್ಡದ ಬುಡದಲ್ಲಿ ನಮ್ಮ ಮನೆ. ಗರಗಸ, ಕೀಸುಳಿ, ಅಜ್ಜನ ಕಾಲದ ಆರು ಉಳಿ ಎಲ್ಲ ಸಾಲಾಗಿ ಗೋಡೆಯಲ್ಲಿ ತೂಗಿದವು. ನೋಡಲು ಚಂದ. ಒಂದಕ್ಕೂ ಬಾಯಿ ಇರಲಿಲ್ಲ.

ಹಳೆ ಮನೆಯ ಮಾಡು ಬಿಚ್ಚುವಾಗ ಸಿಕ್ಕಿದ ಕಿರಾಲುಬೋಗಿ ಎಂಬ ಗಟ್ಟಿ ಮರದ ಪಕ್ಕಾಸುಗಳು ಇದ್ದವು. ಅದರಲ್ಲೊಂದು ಸ್ಟೂಲು ಮಾಡೋಣವೆಂದು ಕೂತೆ. ಅಷ್ಟು ವರ್ಷ ಒಣಗಿದ ಬೋಗಿ ಎಂದರೆ ಕಬ್ಬಿಣದ ತಮ್ಮ. ನಾಲ್ಕು ಪೆಟ್ಟಿಗೆ ಉಳಿ ಮೊಂಡು. ಬಟ್ಟೆ ಒಗೆಯುವ ಕಲ್ಲಿನ ಅಂಚಿಗೆ ತಿಕ್ಕಿ ತಂದರೆ ಮತ್ತೆ ನಾಲ್ಕು ಪೆಟ್ಟು. ಹೀಗೆ ಅರ್ಧ ದಿನ ಮರದ ಹತ್ತಿರ, ಅರ್ಧ ದಿನ ಕಲ್ಲಿನ ಹತ್ತಿರ. ಸ್ಟೂಲಿನ ಒಂದು ಕಾಲು ಆಗುವಾಗ ವಾರ ಕಳೆದಿತ್ತು.

ನಮ್ಮ ಮನೆಗೆ ಹಿಂದೆ ಕೆಲಸಕ್ಕೆ ಬರುತ್ತಿದ್ದ ಆಚಾರಿ ಈಗ ಎಂಬತ್ತು ದಾಟಿದವರು. ಹೋಗಿ ಕೇಳಿದೆ, ಸಾಣೆಯ ಮಿಷನು ತೆಗೆದುಕೊಂಡರೆ ಹೇಗೆ ಅಂತ. ಅವರು ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದರು: "ತೆಕ್ಕೊಳ್ಳಿ ಮಾಷ್ಟ್ರೆ, ಬೇಡ ಹೇಳುವುದಿಲ್ಲ. ಆದರೆ ಮಿಷನು ಬಾಯಿ ಸರಿ ಮಾಡ್ಲಿಕ್ಕೆ. ಹರಿತ ಮಾಡ್ಲಿಕ್ಕೆ ಬೇರೆಯೇ ಉಂಟು." ಬಾಯಿ ಸರಿ ಮಾಡುವುದಕ್ಕೂ ಹರಿತ ಮಾಡುವುದಕ್ಕೂ ಎಂತ ವ್ಯತ್ಯಾಸ ಎಂದು ಆಗ ಕೇಳಲಿಲ್ಲ. ಮುಪ್ಪಿನ ಮಾತು ಅಂದುಕೊಂಡೆ. ಅದಕ್ಕೆ ಅಜ್ಜನ ಒಂದು ಉಳಿ ಬಲಿಯಾಯಿತು. ಅದನ್ನು ಮುಂದೆ ಹೇಳುತ್ತೇನೆ.

ಕಾಸರಗೋಡು ಪೇಟೆಯ ಅಂಗಡಿಯಲ್ಲಿ ಆರಿಂಚಿನ ಬೆಂಚ್ ಗ್ರೈಂಡರು ತೋರಿಸಿದರು. ಅರ್ಧ ಎಚ್‌ಪಿ, ಎಡಕ್ಕೊಂದು ಬಲಕ್ಕೊಂದು ಬೂದು ಬಣ್ಣದ ಕಲ್ಲು. ಅಂಗಡಿಯವ, "ನಲ್ಲ ಮೂರ್ಚ ಕಿಟ್ಟುಂ ಮಾಷೇ" ಎಂದ. ಮಲಯಾಳದಲ್ಲಿ ಮೂರ್ಚ ಎಂದರೆ ಹರಿತ. ಕನ್ನಡದ ಕಿವಿಗೆ ಕೇಳುವುದು ಬೇರೆಯೇ. ಬಿಲ್ಲಿನ ಮೊತ್ತ ನೋಡಿದಾಗ ನನಗೆ ಎರಡೂ ಭಾಷೆಯ ಮೂರ್ಚೆ ಒಟ್ಟಿಗೇ ಬಂತು.

ಮೊದಲ ತಪ್ಪು ಗೋಡೆಯಲ್ಲಿ. ಜಾಗ ಉಳಿಯಲಿ ಎಂದು ಕಬ್ಬಿಣದ ಬ್ರಾಕೆಟು ಮಾಡಿಸಿ, ಹಟ್ಟಿಯ ಕೆಂಪುಕಲ್ಲಿನ ಗೋಡೆಗೆ ಆಂಕರ್ ಬೋಲ್ಟು ಹೊಡೆದು ಗ್ರೈಂಡರನ್ನು ಕೂರಿಸಿದೆ. ಕೆಂಪುಕಲ್ಲು ಭಾರ ಹೊರುವುದರಲ್ಲಿ ಗಟ್ಟಿಗ, ನಡುಕ ತಡೆಯುವುದರಲ್ಲಿ ಅಲ್ಲ. ಒಳಗೆಲ್ಲ ತೂತು ತೂತು. ಬೋಲ್ಟು ಅಗಲಿಸಿ ಹಿಡಿಯಲು ಹೋದಲ್ಲೆಲ್ಲ ಪುಡಿಯಾಗುತ್ತದೆ. ಮೂರನೆಯ ದಿನ ಸ್ವಿಚ್ಚು ಹಾಕಿದಾಗ ಮಿಷನು ಬ್ರಾಕೆಟಿನೊಟ್ಟಿಗೆ ಗಡಗಡ ಎಂದಿತು. ಬೋಲ್ಟಿನ ಬುಡದಿಂದ ಕೆಂಪು ಹುಡಿ ಉದುರಿತು. ಪುಣ್ಯಕ್ಕೆ ಅದು ಬೀಳುವ ಮೊದಲು ನನಗೆ ಬುದ್ಧಿ ಬಂತು.

ಕೊನೆಗೆ ನಿಂತದ್ದು ನೆಲದಲ್ಲೇ. ಹಲಸಿನ ನಾಲ್ಕು ದಪ್ಪ ಕಾಲಿಟ್ಟು ಮೇಜು ಮಾಡಿದೆ. ಅಡಿಯಲ್ಲಿ ಅಡ್ಡಪಟ್ಟಿ ಕೊಟ್ಟು, ಅದರ ಮೇಲೆ ಅಮ್ಮನ ಕಾಲದ ಅರೆಯುವ ಕಲ್ಲನ್ನು ಇಬ್ಬರು ಸೇರಿ ಎತ್ತಿ ಕೂರಿಸಿದೆವು. ಮಿಕ್ಸಿ ಬಂದ ಮೇಲೆ ಅಂಗಳದಲ್ಲಿ ಮಳೆನೀರು ಹಿಡಿಯುತ್ತಿದ್ದ ಕಲ್ಲು ಅದು. ಈಗ ಗ್ರೈಂಡರು ಎಷ್ಟು ತಿರುಗಿದರೂ ಮೇಜು ಅಲುಗುವುದಿಲ್ಲ. ಮೇಜಿನ ಎತ್ತರ ಹೇಳುವುದಾದರೆ, ತಿರುಗುವ ಕಲ್ಲಿನ ನಡು ನನ್ನ ಮೊಣಕೈಗೆ ಸರಿಯಾಗುವ ಹಾಗೆ. ಬಗ್ಗಿ ನಿಂತರೆ ಬೆನ್ನು ನೋಯುವುದು ಒಂದು, ಕಿಡಿ ಮುಖಕ್ಕೆ ಹಾರುವುದು ಇನ್ನೊಂದು.

ಕಲ್ಲು ಬದಲಿಸುವುದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಮಿಷನಿನೊಟ್ಟಿಗೆ ಬಂದ ಬೂದು ಕಲ್ಲು ಒರಟು. ಹಾರೆ, ಪಿಕ್ಕಾಸಿಗೆ ಸರಿ. ಉಳಿಗೆ ಬಿಳಿ ಬಣ್ಣದ ಅಲ್ಯುಮಿನಿಯಂ ಆಕ್ಸೈಡ್ ಕಲ್ಲು, 60 ಗ್ರಿಟ್ಟಿನದ್ದು, ಬೇರೆ ತಂದೆ. ಗ್ರಿಟ್ಟು ಎಂದರೆ ಕಣದ ಲೆಕ್ಕ, ಅಂಕೆ ಹೆಚ್ಚಿದಷ್ಟೂ ಕಲ್ಲು ನಯ. ಈ ಬಿಳಿ ಕಲ್ಲಿನ ಕಣ ಬೇಗ ಒಡೆದು ಹೊಸ ಮೊನೆ ಕೊಡುವುದರಿಂದ ಉಕ್ಕು ಅಷ್ಟು ಕಾಯುವುದಿಲ್ಲ. ಹಾಕುವ ಮೊದಲು ಕಲ್ಲನ್ನು ಬೆರಳಲ್ಲಿ ತೂಗಹಾಕಿ ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಬೇಕು. ಸಂತೆಯಲ್ಲಿ ಮಡಕೆ ತಟ್ಟಿ ನೋಡುವುದಿಲ್ಲವೇ, ಹಾಗೆಯೇ. ಠಣ್ ಎಂದರೆ ಸರಿ. ಡಬ್ ಎಂದರೆ ಒಳಗೆ ಬಿರುಕು, ಎಸೆಯಬೇಕು. ಇದರಲ್ಲಿ ಜಿಪುಣತನ ಬೇಡ. ನಮ್ಮ 50 ಹರ್ಟ್ಸ್ ಕರೆಂಟಿಗೆ ಎರಡು ಪೋಲಿನ ಮೋಟಾರು ನಿಮಿಷಕ್ಕೆ 2,800ಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಆರಿಂಚಿನ ಕಲ್ಲಿನ ಅಂಚು ಓಡುವ ವೇಗ ಲೆಕ್ಕ ಹಾಕಿದರೆ ಗಂಟೆಗೆ 80 ಕಿಲೋಮೀಟರು. ಆ ವೇಗದಲ್ಲಿ ಕಲ್ಲು ಒಡೆದು ಬಂದರೆ ತಡೆಯುವುದಕ್ಕೆ ಇರುವುದು ಆ ತಗಡಿನ ಮುಚ್ಚಳ ಒಂದೇ. ಹೊಸ ಕಲ್ಲು ಹಾಕಿದ ದಿನ ಬದಿಗೆ ನಿಂತು ಸ್ವಿಚ್ಚು ಹಾಕಿ, ಒಂದು ನಿಮಿಷ ಬರಿದೇ ತಿರುಗಲು ಬಿಡುತ್ತೇನೆ.

ಎಡಬದಿಯ ನಟ್ಟಿಗೆ ಮರೆ, ಅಂದರೆ ಸ್ಕ್ರೂವಿನ ಸುತ್ತು, ಉಲ್ಟಾ ಎಂಬುದು ನನಗೆ ಗೊತ್ತಿರಲಿಲ್ಲ. ಬಿಚ್ಚುತ್ತೇನೆಂದು ಮುಕ್ಕಾಲು ಗಂಟೆ ಬಿಗಿ ಮಾಡುತ್ತಲೇ ಇದ್ದೆ. ಪಕ್ಕದ ಮನೆಯ ಹುಡುಗ, ನನ್ನದೇ ಶಿಷ್ಯ, ಬೈಕು ನಿಲ್ಲಿಸಿ ಒಳಗೆ ಬಂದು, "ಮಾಷ್ಟ್ರೆ, ಅದು ಆಚೆ ತಿರುಗಿಸ್ಬೇಕು" ಎಂದ. ಏಳನೆಯ ಕ್ಲಾಸಿನಲ್ಲಿ ನಾನವನಿಗೆ ಲೆಕ್ಕದಲ್ಲಿ ಕಡಿಮೆ ಮಾರ್ಕು ಕೊಟ್ಟದ್ದು ಅವನಿಗೆ ನೆನಪಿದ್ದ ಹಾಗಿತ್ತು.

ಉಪಕರಣ ಒರಗಿಸುವ ರೆಸ್ಟ್ ಕಲ್ಲಿನಿಂದ 3 ಮಿಲಿಮೀಟರಿಗಿಂತ ದೂರ ಇರಬಾರದು. ಜಾಸ್ತಿ ಸಂದು ಬಿಟ್ಟರೆ ಉಳಿಯ ತುದಿ ಒಳಗೆ ಎಳೆದುಕೊಂಡು ಹೋಗುತ್ತದೆ. ಕಲ್ಲು ಸವೆದ ಹಾಗೆ ರೆಸ್ಟನ್ನು ಮುಂದೆ ತರುತ್ತಿರಬೇಕು. ನಾನು ತಿಂಗಳಿಗೊಮ್ಮೆ ನೋಡುತ್ತೇನೆ. ಮಿಷನಿನೊಟ್ಟಿಗೆ ಬಂದ ರೆಸ್ಟ್ ತೆಳು ತಗಡಿನದ್ದು, ಒತ್ತಿದರೆ ಬಾಗುತ್ತಿತ್ತು. ಅದನ್ನು ಬಿಸಾಡಿ ದಪ್ಪ ಪಟ್ಟಿಯದ್ದು ಬದಿಯಡ್ಕದ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದೆ. ಮಿಷನಿಗಿಂತ ಆ ಪಟ್ಟಿಯೇ ನನಗೆ ಹೆಚ್ಚು ಉಪಕಾರ ಮಾಡಿದ್ದು.

ಇಷ್ಟೆಲ್ಲ ಆದ ಮೇಲೆ ಅಜ್ಜನ ಒಂದಿಂಚಿನ ಉಳಿ ಹಿಡಿದೆ. ಕಿಡಿ ನೋಡಲು ನೆಲಚಕ್ರದ ಹಾಗೆ. ಖುಷಿಯಲ್ಲಿ ಒತ್ತಿದೆ. ತುದಿ ಮೊದಲು ಹುಲ್ಲಿನ ಬಣ್ಣಕ್ಕೆ ತಿರುಗಿತು, ಆಮೇಲೆ ಕಂದು, ನೇರಳೆ, ಕೊನೆಗೆ ನವಿಲಿನ ಕೊರಳಿನ ಹಾಗೆ ನೀಲಿ. ಚಂದ ಕಂಡಿತು, ಹೆಂಡತಿಯನ್ನು ಕರೆದು ತೋರಿಸಿದೆ ಬೇರೆ! ಆ ನೀಲಿ ಎಂದರೆ ಉಕ್ಕು 300 ಡಿಗ್ರಿಯ ಹತ್ತಿರ ಕಾದು ಹದ ಕಳೆದುಕೊಂಡಿದೆ ಎಂದರ್ಥ. ಹುಲ್ಲಿನ ಬಣ್ಣ ಬರುವುದು 220ರ ಸುಮಾರಿಗೆ; ಅಲ್ಲಿಗೇ ನಿಲ್ಲಿಸಬೇಕಿತ್ತು. ಹಳೆಯ ಉಳಿಗಳೆಲ್ಲ ಸಾದಾ ಕಾರ್ಬನ್ ಉಕ್ಕು. ಡ್ರಿಲ್ ಬಿಟ್ಟಿನ ಹೈಸ್ಪೀಡ್ ಸ್ಟೀಲಾದರೆ ಇದರ ಎರಡರಷ್ಟು ಬಿಸಿ ತಡೆಯುತ್ತದೆ, ಇದು ತಡೆಯುವುದಿಲ್ಲ. ಮರುದಿನ ಬೋಗಿಗೆ ಒಂದು ಪೆಟ್ಟು ಹಾಕಿದ್ದಕ್ಕೆ ಉಳಿಯ ತುದಿ ಸೀಸದ ಹಾಗೆ ಮಡಚಿಕೊಂಡಿತು.

ಆಚಾರಿಯ ಮಾತು ಆಗ ನೆನಪಾಯಿತು. ಮಿಷನಿನ ಕೆಲಸ ಆಕಾರ ಕೊಡುವುದು, ಹಲ್ಲು ಬಿದ್ದ ಬಾಯಿಯನ್ನು ನೇರ ಮಾಡುವುದು, ಅಷ್ಟೇ. ವರ್ಷಕ್ಕೆ ಒಂದೆರಡು ಸಲ ಸಾಕು. ನಾನು ದಿನದ ಮಸೆತವನ್ನೂ ಅದರಲ್ಲೇ ಮಾಡಲು ಹೊರಟಿದ್ದೆ.

ಆ ನೀಲಿ ಅಷ್ಟೂ ಹೋಗುವವರೆಗೆ ಮೂರು ಮಿಲಿಮೀಟರು ತೇಯಬೇಕಾಯಿತು. ಎರಡು ಸಲ ತಾಗಿಸು, ನೀರಲ್ಲಿ ಅದ್ದು. ಬೆರಳನ್ನು ತುದಿಯ ಹಿಂದೆಯೇ ಇಟ್ಟುಕೊಂಡರೆ ಅದೇ ಥರ್ಮಾಮೀಟರು: ಬೆರಳಿಗೆ ಬಿಸಿ ತಾಗಿದರೆ ನೀರಿಗೆ ಹೋಗುವ ಹೊತ್ತು. ಕೈಗೆ ಗ್ಲೌಸು ಹಾಕುವುದಿಲ್ಲ. ಬಿಸಿ ಗೊತ್ತಾಗುವುದಿಲ್ಲ ಎಂಬುದಕ್ಕಿಂತ, ತಿರುಗುವುದಕ್ಕೆ ಸಿಕ್ಕಿಕೊಂಡರೆ ಗ್ಲೌಸಿನೊಟ್ಟಿಗೆ ಕೈಯೂ ಹೋಗುತ್ತದೆ. ಕಣ್ಣಿಗೆ ಕನ್ನಡಕ ಮಾತ್ರ ಬೇಕೇ ಬೇಕು. ಓದುವ ಕನ್ನಡಕ ಸಾಲದು, ಬದಿ ಮುಚ್ಚಿದ್ದಿರಬೇಕು.

ಮಸೆಯುವ ಜಾಗವನ್ನು ಇದರಿಂದ ಬೇರೆ ಮಾಡಿದೆ. ಉತ್ತರದ ಕಿಟಕಿಯ ಬುಡದಲ್ಲಿ ಸೊಂಟದೆತ್ತರದ ಕಟ್ಟೆ. ಅದರಲ್ಲಿ ಹಿಂದೆ ದನಗಳ ಅಕ್ಕಚ್ಚಿನ ಬಾಲ್ದಿ ಇಡುತ್ತಿದ್ದೆವು. ನಮ್ಮಲ್ಲಿ ಗುಡ್ಡ ಕೊರೆದ ಸುರಂಗ ಉಂಟು. ಅದರ ನೀರು ಪಂಪಿಲ್ಲದೆ ಪೈಪಿನಲ್ಲಿ ತಾನಾಗಿ ಇಳಿದು ಹಟ್ಟಿಗೆ ಬರುತ್ತಿತ್ತು, ಈಗ ಕಲ್ಲಿನ ಮೇಲೆ ತೊಟ್ಟಿಕ್ಕುತ್ತದೆ. 400, 1,000, 6,000 ಗ್ರಿಟ್ಟಿನ ಮೂರು ಕಲ್ಲು. ಕಲ್ಲು ಎಲ್ಲಿಂದ, ಯಾವ ಕಂಪೆನಿಯದ್ದು ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಅದು ಸಪಾಟಾಗಿರುವುದು ಮುಖ್ಯ. ಮಸೆಯುತ್ತಾ ಹೋದ ಹಾಗೆ ಕಲ್ಲಿನ ನಡು ಗುಳಿ ಬೀಳುತ್ತದೆ, ಗುಳಿ ಬಿದ್ದ ಕಲ್ಲಿನಲ್ಲಿ ಉಳಿಯ ಬಾಯಿ ಹೊಟ್ಟೆ ಬಿಡುತ್ತದೆ. ದಪ್ಪ ಗಾಜಿನ ತುಂಡಿನ ಮೇಲೆ ಪಾಲಿಶ್ ಪೇಪರು ಹಾಸಿ, ಕಲ್ಲಿನ ಮೇಲೆ ಪೆನ್ಸಿಲಿನಲ್ಲಿ ಗೀಟು ಎಳೆದು, ಗೀಟು ಪೂರ ಅಳಿಯುವವರೆಗೆ ತಿಕ್ಕುವುದು.

ಕೋನ ಹಿಡಿಯುವುದು ಕೈಗೆ ಬರಲಿಲ್ಲ, ಅದನ್ನು ಒಪ್ಪಿಕೊಳ್ಳಲು ನಾಚಿಕೆಯಿಲ್ಲ. ಆಚಾರಿಗೆ ಅದು ಅರುವತ್ತು ವರ್ಷದ ಕೈ. ನಾನು ಒಂದು ಸಣ್ಣ ಉರುಳೆಯ ಹೋನಿಂಗ್ ಗೈಡ್ ತರಿಸಿದೆ, ಬದಿಯಿಂದ ಉಳಿಯನ್ನು ಹಿಡಿಯುವಂಥದ್ದು. ಅದರಿಂದ ಉಳಿಯ ತುದಿ 30 ಮಿಲಿಮೀಟರು ಮುಂದೆ ಚಾಚಿದರೆ 30 ಡಿಗ್ರಿ, 40 ಚಾಚಿದರೆ 25. ಕೀಸುಳಿಯ ಅಲಗಿಗೆ ಅದೇ ಲೆಕ್ಕ 38 ಮತ್ತು 50. ಪ್ರತಿ ಸಲ ಸ್ಕೇಲು ಹಿಡಿಯುವ ಬದಲು ಒಂದು ಹಲಗೆಗೆ ಈ ನಾಲ್ಕು ಅಳತೆಗೂ ಮರದ ತುಂಡು ಬಡಿದು ಇಟ್ಟಿದ್ದೇನೆ. ಉಳಿಯನ್ನು ತುಂಡಿಗೆ ಒತ್ತಿ ಸ್ಕ್ರೂ ಬಿಗಿದರಾಯಿತು. ಗ್ರೈಂಡರಿನಲ್ಲಿ 25 ಕೊಟ್ಟದ್ದರ ತುದಿಗೆ ಕಲ್ಲಿನಲ್ಲಿ 30ರ ಒಂದು ನೂಲಿನಷ್ಟು ಅಂಚು. ಹಾಗಾಗಿ ತಿಕ್ಕಬೇಕಾದ್ದು ಬಹಳ ಕಮ್ಮಿ, ಐದು ನಿಮಿಷದಲ್ಲಿ ಒಂದು ಉಳಿ. ಹಿಂಬದಿಗೆ ಉಗುರು ಎಳೆದರೆ ತಡೆಯುವ ಸಣ್ಣ ಮಡಿಕೆ ಬಾಯಿಯ ಉದ್ದಕ್ಕೂ ಬಂದಿರಬೇಕು. ಬಾರದೆ ಮುಂದಿನ ಕಲ್ಲಿಗೆ ಹೋದರೆ ಮತ್ತೆ ಮೊದಲಿಂದ.

ಆ ಮಡಿಕೆ ತೆಗೆಯುವುದಕ್ಕೆ ಚರ್ಮ. ಹಳೆಯ ಬೆಲ್ಟಿನ ತುಂಡನ್ನು ಹಲಗೆಗೆ ಅಂಟಿಸಿ ಹಸಿರು ಕ್ರೋಮಿಯಂ ಆಕ್ಸೈಡಿನ ಸೋಪು (ಒಗೆಯುವುದಲ್ಲ, ಹೊಳಪು ಕೊಡುವ ಬಾರು) ತಿಕ್ಕಿದೆ. ಇದನ್ನು ನೋಡಿದ ನೆರೆಮನೆಯವರೊಬ್ಬರು ನಕ್ಕುಬಿಟ್ಟರು. ಅವರ ತಂದೆ ತೆಂಗಿನ ಮೂರ್ತೆ ಮಾಡುತ್ತಿದ್ದವರು. ಕಳ್ಳು ಇಳಿಸುವ ಕತ್ತಿ ಹೊಂಬಾಳೆಯನ್ನು ಕಾಗದದಷ್ಟು ತೆಳುವಾಗಿ ಕೆತ್ತಬೇಕು, ದಿನಕ್ಕೆ ಎಷ್ಟೋ ಮರ. ಅದನ್ನು ಮಸೆಯುತ್ತಿದ್ದದ್ದು ಒಂದು ಮೆತ್ತನೆ ಮರದ ತುಂಡಿನಲ್ಲಿ, ಬೆಣಚುಕಲ್ಲನ್ನು ಕುಟ್ಟಿ ಪುಡಿ ಮಾಡಿ ಉದುರಿಸಿಕೊಂಡು. ಮರ ಪುಡಿಯನ್ನು ಹಿಡಿದುಕೊಳ್ಳುತ್ತದೆ, ಪುಡಿ ಉಕ್ಕನ್ನು ತೇಯುತ್ತದೆ. ನನ್ನ ಚರ್ಮ, ಹಸಿರು ಸೋಪು ಮಾಡುವುದೂ ಅದನ್ನೇ, ಇನ್ನಷ್ಟು ನಯವಾಗಿ. ಅವರು ಮರುದಿನ ಆ ಹಳೆ ಮರವನ್ನೇ ತಂದುಕೊಟ್ಟರು, ನಡು ದೋಣಿಯ ಹಾಗೆ ಸವೆದದ್ದು. ಸೊಪ್ಪು ಕಡಿಯುವ ಕತ್ತಿಯನ್ನು ಈಗ ನಾನು ಅದರಲ್ಲೇ ಎಳೆಯುವುದು. ಬಾಗಿದ ಕತ್ತಿಗೆ ಸಪಾಟು ಕಲ್ಲಿಗಿಂತ ಆ ದೋಣಿಯೇ ಒಗ್ಗುತ್ತದೆ.

ಇಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಬಫಿಂಗಿನ, ಅಂದರೆ ತಿರುಗುವ ಬಟ್ಟೆಯ ಚಕ್ರಕ್ಕೆ ಹಿಡಿದು ಹೊಳಪು ಕೊಡುವುದರ, ಆಸೆ ಬಂದದ್ದು ಹಿತ್ತಾಳೆಯಿಂದ. ಮನೆಯಲ್ಲಿ ಕಾಲುದೀಪ, ಹರಿವಾಣ, ಗಿಂಡಿ ಅಂತ ಒಂದು ರಾಶಿ ಉಂಟು. ಮಂಗಳೂರಿನ ಬಂದರಿಗೆ ಹೋದಾಗ ಹೊಲಿಗೆ ಹಾಕಿದ ಬಟ್ಟೆಯ ಬಫ್, ನಾರಿನ ಸೈಸಲ್ ಬಫ್, ಕಂದು ಮತ್ತು ಹಸಿರು ಸೋಪಿನ ಬಾರು ಎಲ್ಲ ತಂದೆ. ಗ್ರೈಂಡರಿನ ಬಲಗಡೆಯ ಕಲ್ಲು ತೆಗೆದು ಬಟ್ಟೆಯ ಬಫ್ ಹಾಕಿದೆ. ಬಫಿಗೆ ಕೈಯಾಡಲು ಜಾಗ ಬೇಕೆಂದು ಆ ಬದಿಯ ಮುಚ್ಚಳವನ್ನೂ ತೆಗೆದೆ.

ಒಂದೇ ಮಿಷನಿನಲ್ಲಿ ಕಲ್ಲೂ ಬಟ್ಟೆಯೂ ಇರಬಾರದು ಎಂಬುದಕ್ಕೆ ಕಾರಣ ಒಂದು ಸಂಜೆ ಸಿಕ್ಕಿತು. ಬಫಿನಿಂದ ಉದುರಿದ ಹತ್ತಿಯ ಎಳೆ, ಸೋಪಿನ ಜಿಡ್ಡು ಸೇರಿ ಮೇಜಿನ ಹಿಂದೆ ಗೂಡು ಕಟ್ಟಿತ್ತು. ಎಡಗಡೆ ಹಾರೆ ಹಿಡಿದಾಗ ಕಿಡಿ ಅದರ ಮೇಲೆ ಬಿತ್ತು. ಉರಿಯಲಿಲ್ಲ, ಒಳಗೊಳಗೇ ಹೊಗೆಯಾಡುತ್ತಿತ್ತು. ಆಚೆ ಬದಿಯಲ್ಲಿ ಬಚ್ಚಲೊಲೆಗೆ ಒಟ್ಟಿದ ಅಡಿಕೆ ಸಿಪ್ಪೆಯ ರಾಶಿ. ಊಟಕ್ಕೆ ಹೋಗಿದ್ದವನು ಕನ್ನಡಕ ಮರೆತೆನೆಂದು ತಿರುಗಿ ಬಂದದ್ದರಿಂದ ಹಟ್ಟಿ ಉಳಿಯಿತು. ಸಿಪ್ಪೆಯ ರಾಶಿ ಮರುದಿನವೇ ಬೇರೆ ಕಡೆಗೆ ಹೋಯಿತು.

ಹಾಗಾಗಿ ಬಫಿಗೆ ಬೇರೆ ಮೋಟಾರು. ಗುಜರಿಯಲ್ಲಿ ಹಳೆಯ ಅರೆಯುವ ಮಿಷನಿನದ್ದು ಸಿಕ್ಕಿತು, ಅರ್ಧ ಎಚ್‌ಪಿ, 1,440 ಸುತ್ತು. ಗ್ರೈಂಡರಿಗಿಂತ ಅರ್ಧ ವೇಗ. ದೊಡ್ಡ ಕಾರ್ಖಾನೆಯವರಿಗೆ ಇದು ನಿಧಾನ ಎನಿಸಬಹುದು; ನನ್ನ ವಯಸ್ಸಿಗೆ ಇದೇ ಸರಿ. ಲೇತಿನವರಲ್ಲಿ ಹೇಳಿ ಶಾಫ್ಟಿಗೆ ಕೂಚಾದ ಮರೆಯ ಸ್ಪಿಂಡಲ್ ಮಾಡಿಸಿದೆ. ಬಫನ್ನು ಅದಕ್ಕೆ ತಿರುಗಿಸಿ ಹತ್ತಿಸಿದರೆ ಓಡುವಾಗ ತಾನೇ ಬಿಗಿಯುತ್ತದೆ. ಮೋಟಾರು ತಿರುಗುವ ದಿಕ್ಕಿಗೂ ಮರೆಯ ದಿಕ್ಕಿಗೂ ಹೊಂದಿಕೆ ಇರಬೇಕು, ತಪ್ಪಿದರೆ ಬಫ್ ಬಿಚ್ಚಿಕೊಂಡು ಹೊರಡುತ್ತದೆ. ಇದನ್ನು ಹಟ್ಟಿಯ ಇನ್ನೊಂದು ತುದಿಯಲ್ಲಿ, ಬಾಗಿಲ ಹತ್ತಿರ, ಮೇಜಿನ ಅಂಚಿಗೆ ಕೂರಿಸಿದೆ. ಬಫಿನ ಕೆಳಗೆ ಮೇಜು ಇರಬಾರದು, ಖಾಲಿ ಇರಬೇಕು.

ಯಾಕೆಂದರೆ ಹರಿವಾಣ. ಕಾಲುದೀಪ ಎರಡು ಸುಸೂತ್ರ ಹೊಳೆದವು. ಮೂರನೆಯದು ಹರಿವಾಣ, ಅಗಲ, ತೆಳು ಅಂಚು. ಬಫ್ ನನ್ನ ಎದುರಿಗೆ ಮೇಲಿನಿಂದ ಕೆಳಕ್ಕೆ ತಿರುಗುತ್ತದೆ. ವಸ್ತುವನ್ನು ಹಿಡಿಯಬೇಕಾದ್ದು ನಡುವಿಗಿಂತ ಕೆಳಗೆ, ಅಂಚು ಕೆಳಮುಖವಾಗಿ, ತಿರುಗುವ ಬಟ್ಟೆ ಅಂಚಿನಿಂದ ಜಾರಿ ಹೋಗುವ ಹಾಗೆ. ಗೊತ್ತಿತ್ತು. ಆದರೂ ಒಂದು ಕಲೆ ಹೋಗಲಿಲ್ಲವೆಂದು ಹರಿವಾಣವನ್ನು ಸ್ವಲ್ಪ ಮೇಲೆತ್ತಿದೆ, ಅದರ ಮೇಲಿನ ಅಂಚು ಬಟ್ಟೆಗೆ ಎದುರಾಯಿತು. ಕೈಯಲ್ಲಿದ್ದ ಹರಿವಾಣ ಎಲ್ಲಿ ಹೋಯಿತೆಂದು ಕಾಣಲಿಲ್ಲ. ಕೇಳಿದ್ದು ಮಾತ್ರ: ನೆಲಕ್ಕೊಂದು, ಗೋಡೆಗೊಂದು, ಆಮೇಲೆ ಅಂಗಳದಲ್ಲಿ ಜಾಗಟೆ ಬಡಿದ ಹಾಗೆ ಉರುಳುತ್ತಾ ಹೋದ ಸದ್ದು. ಬಟ್ಟೆ ಮೆತ್ತಗಿರುತ್ತದೆ, ಕಲ್ಲಿಗಿಂತ ಸಾಧು ಎಂದು ನಂಬಿದ್ದೆ. ಈಗ ಹೇಳುತ್ತೇನೆ, ಈ ಕೋಣೆಯಲ್ಲಿ ನನಗೆ ಹೆದರಿಕೆ ಇರುವುದು ಅದೊಂದಕ್ಕೇ. ಕಲ್ಲು ತೇಯುತ್ತದೆ, ಬಟ್ಟೆ ಕಸಿಯುತ್ತದೆ.

ಹೆಂಡತಿ ಹರಿವಾಣದ ತಗ್ಗನ್ನು ನೋಡಿ, "ಬಿಂಬುಳಿ ತಿಕ್ಕಿದ್ದರೆ ಹತ್ತು ನಿಮಿಷದ ಕೆಲಸ ಇತ್ತು ನಿಮಗೆ" ಎಂದಳು. ಉತ್ತರ ಇರಲಿಲ್ಲ. ಅಂದಿನಿಂದ ಹೆಗಲಲ್ಲಿ ಬೈರಾಸು ಹಾಕಿಕೊಂಡು ಹಟ್ಟಿಗೆ ಹೋಗುವುದಿಲ್ಲ, ಲುಂಗಿಯನ್ನೂ ಬಿಟ್ಟು ಚಡ್ಡಿ ಹಾಕುತ್ತೇನೆ. ಈ ವಯಸ್ಸಿನಲ್ಲಿ ಮಾಷ್ಟ್ರು ಚಡ್ಡಿ ಹಾಕಿದ್ದಾರೆಂದು ದಾರಿಯಲ್ಲಿ ಹೋಗುವವರು ನೋಡುತ್ತಾರೆ. ನೋಡಲಿ.

ಸೋಪಿನ ವಿಷಯ ಸಣ್ಣದು. ಕಂದು ಸೋಪು ಹಿತ್ತಾಳೆಗೆ, ಹಸಿರು ಉಕ್ಕಿಗೆ, ಒಂದು ಬಫಿಗೆ ಒಂದೇ ಸೋಪು. ಬೆರೆಸಿದರೆ ಒರಟಿನದ್ದು ನಯದ ಕೆಲಸವನ್ನು ಗೀರುತ್ತದೆ. ಹಿತ್ತಾಳೆಯಲ್ಲಿ ಉಳಿದ ಜಿಡ್ಡನ್ನು ಅಂಟುವಾಳದ ಬಿಸಿನೀರು ಚೆನ್ನಾಗಿ ತೆಗೆಯುತ್ತದೆ.

ಬೆಳಕಿನದ್ದೂ ಹೇಳಿಬಿಡುತ್ತೇನೆ. ಮೊದಲು ಚೋಕಿನ ಹಳೆ ಟ್ಯೂಬ್‌ಲೈಟು ಇತ್ತು. ಅದರ ಮಿಣುಕಿಗೆ ಜೋರಾಗಿ ತಿರುಗುವ ಕಲ್ಲು ಕೆಲವೊಮ್ಮೆ ಮೆಲ್ಲಗೆ ತೆವಳುವಂತೆ ಕಾಣುತ್ತಿತ್ತು. ನಿಂತಿದೆ ಎಂದು ಮುಟ್ಟಲು ಹೋದರೆ ಮುಗಿಯಿತು. ಅದನ್ನು ತೆಗೆದು, ಬಗ್ಗಿಸಬಹುದಾದ ಕೊರಳಿನ ಒಳ್ಳೆಯ ಎಲ್‌ಇಡಿ ಹಾಕಿದೆ. ಅದರಿಂದ ಇನ್ನೊಂದು ಉಪಯೋಗ: ಉಳಿಯ ಬಾಯಿಯನ್ನು ಬೆಳಕಿಗೆ ನೇರ ಹಿಡಿದರೆ ಮೊಂಡು ಇದ್ದಲ್ಲಿ ಬಿಳಿ ಗೆರೆ ಹೊಳೆಯುತ್ತದೆ. ಹರಿತ ಬಾಯಿಗೆ ಹೊಳೆಯಲು ಅಗಲವೇ ಇರುವುದಿಲ್ಲ, ಕಪ್ಪಾಗಿಯೇ ಕಾಣುತ್ತದೆ.

ಜೂನ್ ಬಂದ ಮೇಲೆ ಇದೆಲ್ಲ ತುಕ್ಕಿನೊಟ್ಟಿಗಿನ ಯುದ್ಧ. ನಮ್ಮ ಮಳೆಗೆ ರಾತ್ರಿ ಮಸೆದಿಟ್ಟ ಉಳಿಯಲ್ಲಿ ಬೆಳಿಗ್ಗೆ ಕೆಂಪು ಚುಕ್ಕಿ. ನೀರಿನ ಕಲ್ಲಿನಿಂದ ಎದ್ದ ಕೂಡಲೇ ಒರೆಸಿ, ತೆಂಗಿನೆಣ್ಣೆಯ ಬಟ್ಟೆಯಲ್ಲಿ ಒಮ್ಮೆ ಎಳೆದು, ಮುಚ್ಚಳವಿರುವ ಪೆಟ್ಟಿಗೆಯಲ್ಲಿ ಇಡುತ್ತೇನೆ. ಗೋಡೆಯಲ್ಲಿ ಸಾಲಾಗಿ ತೂಗಹಾಕುವ ಚಂದ ಬೇಸಿಗೆಗೆ ಮಾತ್ರ.

ಸ್ಟೂಲು ಮುಗಿಯಿತು. ಆಚಾರಿಗೆ ಅದನ್ನು ತೋರಿಸಲು ಹೋದಾಗ ಅವರು ಸ್ಟೂಲು ಬಿಟ್ಟು ಉಳಿ ಕೇಳಿದರು. ಮುಂಗೈಯ ರೋಮದ ಮೇಲೆ ಒಮ್ಮೆ ಆಡಿಸಿ, ಏನೂ ಹೇಳದೆ ತಿರುಗಿ ಕೊಟ್ಟರು. ಈಗ ಸುತ್ತಲಿನವರ ಕತ್ತಿ, ದೋಟಿಯ ಕೊಕ್ಕೆ, ಅಡಿಕೆ ಸುಲಿಯುವ ಕತ್ತಿ ಎಲ್ಲ ಹಟ್ಟಿಗೆ ಬರುತ್ತವೆ. ಮನೆಯ ಮೆಟ್ಟುಕತ್ತಿಗೂ ಬಾಯಿ ಬಂದಿದೆ. ಹೆರೆಮಣೆ ಮಾತ್ರ ಬಾಕಿ. ಅದರ ಹಲ್ಲುಗಳ ನಡುವೆ ಕಲ್ಲೂ ಹೋಗುವುದಿಲ್ಲ, ಬಫೂ ಹೋಗುವುದಿಲ್ಲ. ಮೂರು ಮೂಲೆಯ ಸಣ್ಣ ಅರ ಹಿಡಿದು ಒಂದೊಂದೇ ಹಲ್ಲಿಗೆ ಕೂರಬೇಕು. ಎರಡು ಮಿಷನು ತಂದವನು ಎಂಬತ್ತು ರೂಪಾಯಿಯ ಅರ ತರಲು ಎರಡು ತಿಂಗಳಿಂದ ಮರೆಯುತ್ತಿದ್ದೇನೆ, ಹೆಂಡತಿ ದಿನಾ ತೆಂಗಿನಕಾಯಿ ಹೆರೆಯುವಾಗ ನೆನಪಿಸುತ್ತಾಳೆ.